ಕಡತದಲ್ಲಿ ಜಾಗವಿಲ್ಲದ ಉತ್ತರಗಳು

ನನ್ನ ಬಳಿಗೆ ಆಪ್ತಸಮಾಲೋಚನೆಗೆಂದು ಬರುವವರಲ್ಲಿ ಹೆಚ್ಚಿನವರು ತಮ್ಮ ಕಷ್ಟವನ್ನು ಹೇಳುವುದರಲ್ಲಿ ಪಳಗಿದವರು. ಕುಳಿತುಕೊಳ್ಳುವ ಮೊದಲೇ ಪ್ಲಾಸ್ಟಿಕ್ ಚೀಲದಿಂದ ಕಡತ ಹೊರಬರುತ್ತದೆ. ಮಂಗಳೂರಿನ ಆಸ್ಪತ್ರೆಯ ಚೀಟಿಗಳು, ವೈದ್ಯಕೀಯ ಶಿಬಿರದ ಕಾಗದ, ಅಂಗವೈಕಲ್ಯದ ಪ್ರಮಾಣಪತ್ರ, ರೇಷನ್ ಕಾರ್ಡಿನ ಜೆರಾಕ್ಸ್ ಎಲ್ಲವೂ ಒಂದೊಂದಾಗಿ ಮೇಜಿನ ಮೇಲೆ ಬಂದು ಕೂರುತ್ತವೆ. ಆಮೇಲೆ ಮಾತು ಶುರುವಾಗುತ್ತದೆ: ಮಗುವಿಗೆ ನಡೆಯಲಿಕ್ಕೆ ಬರುವುದಿಲ್ಲ, ಮಾತು ಬರುವುದಿಲ್ಲ, ತಾನಾಗಿ ಉಣ್ಣಲಿಕ್ಕೆ ಆಗುವುದಿಲ್ಲ, ರಾತ್ರಿ ನಿದ್ದೆಯಿಲ್ಲ, ಗಂಡನಿಗೆ ಸರಿಯಾದ ಕೆಲಸವಿಲ್ಲ, ಮನೆಯವರೆಗೆ ವಾಹನ ಬರುವ ದಾರಿಯಿಲ್ಲ. ಈ ಮಾತುಗಳು ಬರುವ ಕ್ರಮ ಕೂಡ ಹೆಚ್ಚುಕಡಿಮೆ ಎಲ್ಲರಲ್ಲೂ ಒಂದೇ. ಅರ್ಜಿ ನಮೂನೆಯಲ್ಲಿ ಅಂಕಣಗಳಿರುವ ಕ್ರಮವದು.

ಕೇರಳದ ಗಡಿನಾಡು ಕಾಸರಗೋಡಿನ ಎಣ್ಮಕಜೆ, ಪಡ್ರೆ, ಸ್ವರ್ಗ ಎಂಬ ಊರುಗಳ ಕಥೆಯನ್ನು ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುವುದು ನಿಂತು ಎರಡು ದಶಕಗಳ ಮೇಲಾಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಆದರೆ ಪರಿಹಾರವಾಗಲಿ ತಿಂಗಳ ಪೆನ್ಶನ್ನಾಗಲಿ ಸಿಗಬೇಕಾದರೆ ಪಟ್ಟಿಯಲ್ಲಿ ಹೆಸರಿರಬೇಕು. ಪಟ್ಟಿಯಲ್ಲಿ ಹೆಸರು ಬರಬೇಕಾದರೆ ವೈದ್ಯಕೀಯ ಶಿಬಿರದಲ್ಲಿ ಮಗುವಿನ ಸ್ಥಿತಿಯನ್ನು ತೋರಿಸಿ ಒಪ್ಪಿಸಬೇಕು. ವರ್ಷಗಟ್ಟಲೆ ಹೀಗೆ ಶಿಬಿರದಿಂದ ಕಚೇರಿಗೆ, ಕಚೇರಿಯಿಂದ ಶಿಬಿರಕ್ಕೆ ಅಲೆದ ಕುಟುಂಬ ತನ್ನ ಬದುಕನ್ನು ಕೊರತೆಗಳ ಪಟ್ಟಿಯಾಗಿ ಹೇಳಲು ಕಲಿಯದೆ ಬೇರೆ ದಾರಿಯಿರಲಿಲ್ಲ. ಎಂಡೋಸಲ್ಫಾನಿಗೆ ಸಂಬಂಧವೇ ಇಲ್ಲದ ಮನೆಗಳಲ್ಲೂ, ವಿಧವಾ ಪೆನ್ಶನ್ನಿಗೋ ಮನೆ ಕಟ್ಟುವ ಸಹಾಯಧನಕ್ಕೋ ಅರ್ಜಿ ಹಾಕಿದವರಲ್ಲೂ, ಇದೇ ರೂಢಿಯನ್ನು ನಾನು ಕಂಡಿದ್ದೇನೆ.

ಇಂಥವರ ಎದುರು ಕುಳಿತು ನಾನು ಕೇಳಬೇಕಾದ ಪ್ರಶ್ನೆಗಳಾದರೋ ಇದಕ್ಕೆ ತೀರ ವಿರುದ್ಧವಾದವು. ನಾನು ಅನುಸರಿಸುವುದು ವ್ಯಕ್ತಿಯ ಸಾಮರ್ಥ್ಯವನ್ನು ಆಧಾರವಾಗಿ ಹಿಡಿಯುವ, ಸಮಸ್ಯೆಯ ಮೂಲಕ್ಕಿಂತ ಪರಿಹಾರದ ಕಡೆಗೆ ಗಮನವಿಡುವ ಪದ್ಧತಿಯನ್ನು. ಏನಿಲ್ಲ ಎಂಬುದನ್ನು ಕೇಳಿಸಿಕೊಂಡ ಮೇಲೆ ಏನಿದೆ, ಇಷ್ಟರವರೆಗೆ ಏನು ಮಾಡಿದಿರಿ, ಯಾವ ಹೊತ್ತಿನಲ್ಲಿ ಸ್ವಲ್ಪವಾದರೂ ಹಗುರವಾಗಿತ್ತು ಎಂದು ಅದು ಕೇಳುತ್ತದೆ. ಕೊರತೆಯನ್ನು ಸಾಬೀತುಪಡಿಸಿದರೆ ಮಾತ್ರ ಕೈಗೆ ಏನಾದರೂ ಸಿಗುವ ಊರಿನಲ್ಲಿ ಇಂಥ ಪ್ರಶ್ನೆ ಕೇಳುವುದು ಸರಿಯೇ, ಸರಿಯಾದರೆ ಯಾವ ರೀತಿಯಲ್ಲಿ ಸರಿ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. ಈ ಬರಹ ಅದರ ಬಗ್ಗೆ. ಇಲ್ಲಿ ಬರುವವರ ಗುರುತು ಸಿಗದಂತೆ ಊರು, ವಯಸ್ಸು ಮತ್ತಿತರ ವಿವರಗಳನ್ನು ಬದಲಿಸಿದ್ದೇನೆ.

ಇಪ್ಪತ್ತೇಳು ಸಮಸ್ಯೆಗಳ ಮನೆ

ಈ ಪದ್ಧತಿ ರೂಪುಗೊಂಡದ್ದು ಅಮೆರಿಕದ ಮಿಲ್‌ವಾಕಿ ನಗರದಲ್ಲಿ. ಸ್ಟೀವ್ ಡಿ ಶೇಜರ್ ಮತ್ತು ಕೊರಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಇನ್ಸೂ ಕಿಮ್ ಬರ್ಗ್ ಎಂಬ ದಂಪತಿ 1978ರಲ್ಲಿ ಸಹೋದ್ಯೋಗಿಗಳೊಂದಿಗೆ ಅಲ್ಲಿ ಒಂದು ಕುಟುಂಬ ಚಿಕಿತ್ಸಾ ಕೇಂದ್ರವನ್ನು ಆರಂಭಿಸಿದರು. ಒಬ್ಬರು ಕುಟುಂಬದೊಂದಿಗೆ ಮಾತಾಡುವಾಗ ಉಳಿದವರು ಒಮ್ಮುಖ ಕನ್ನಡಿಯ ಹಿಂದೆ ಕುಳಿತು ನೋಡುತ್ತಿದ್ದರು. ಯಾವ ಪ್ರಶ್ನೆ ಕೇಳಿದಾಗ ಬಂದವರು ಮುಂದಕ್ಕೆ ಹೆಜ್ಜೆಯಿಡುತ್ತಾರೆ, ಯಾವುದನ್ನು ಕೇಳಿದಾಗ ಇದ್ದಲ್ಲೇ ಸುತ್ತುತ್ತಾರೆ ಎಂಬುದನ್ನು ಗುರುತುಹಾಕಿಕೊಳ್ಳುತ್ತಿದ್ದರು. ಹಾಗಾಗಿ ಇದು ಸಿದ್ಧಾಂತದಿಂದ ಇಳಿದುಬಂದ ಪದ್ಧತಿಯಲ್ಲ, ನೋಡಿ ನೋಡಿ ಹೆಕ್ಕಿದ ಪ್ರಶ್ನೆಗಳ ಗೊಂಚಲು.

ಆ ಕೇಂದ್ರದ ಆರಂಭದ ವರ್ಷಗಳ ಒಂದು ಪ್ರಸಂಗ ಈ ಕ್ಷೇತ್ರದಲ್ಲಿರುವವರಿಗೆಲ್ಲ ಪರಿಚಿತ. ಒಂದು ಕುಟುಂಬ ಬಂದು ತನ್ನ 27 ಸಮಸ್ಯೆಗಳನ್ನು ಹೇಳಿತು. ಯಾವುದರಿಂದ ಆರಂಭಿಸಬೇಕೆಂದೇ ತಂಡಕ್ಕೆ ತಿಳಿಯಲಿಲ್ಲ. ಕೊನೆಗೆ, ಮುಂದಿನ ಭೇಟಿಯವರೆಗೆ ನಿಮ್ಮ ಮನೆಯಲ್ಲಿ ನಡೆಯುವ ಸಂಗತಿಗಳಲ್ಲಿ ಯಾವುವು ಹೀಗೆಯೇ ಮುಂದುವರಿಯಬೇಕು ಎಂದು ನಿಮಗನ್ನಿಸುತ್ತದೆಯೋ ಅವನ್ನು ಗಮನಿಸಿ ಬನ್ನಿ ಎಂದಷ್ಟೇ ಹೇಳಿ ಕಳುಹಿಸಿದರು. ಮರಳಿ ಬಂದ ಕುಟುಂಬದ ಬಳಿ ಹೇಳಲು ಬಹಳಷ್ಟಿತ್ತು, ಮಾತ್ರವಲ್ಲ, ಪರಿಸ್ಥಿತಿಯೂ ಸುಧಾರಿಸಿತ್ತು. ಆ ಸೂಚನೆಯನ್ನು ಮೊದಲ ಭೇಟಿಯ ಕೊನೆಗೆ ಕೊಡುವ ಕೆಲಸವಾಗಿ ಇಂದಿಗೂ ಬಳಸುತ್ತೇವೆ. ಹೆಚ್ಚುಕಡಿಮೆ ಅದೇ ದಶಕದಲ್ಲಿ ಕಾನ್ಸಾಸ್ ವಿಶ್ವವಿದ್ಯಾನಿಲಯದ ಸಮಾಜಕಾರ್ಯ ವಿಭಾಗದಲ್ಲಿ ಚಾರ್ಲ್ಸ್ ರ‍್ಯಾಪ್, ಡೆನ್ನಿಸ್ ಸಾಲೀಬಿ ಮೊದಲಾದವರು, ತೀವ್ರ ಮಾನಸಿಕ ಕಾಯಿಲೆಯಿದ್ದು ಊರಿನಲ್ಲೇ ಬದುಕುವವರ ಜೊತೆ ಕೆಲಸ ಮಾಡುವಾಗ, ರೋಗಲಕ್ಷಣಗಳ ಬದಲು ಅವರ ಸಾಮರ್ಥ್ಯ, ಆಸೆ ಮತ್ತು ಸುತ್ತಮುತ್ತಲಿನ ಆಸರೆಗಳಿಂದ ಯೋಜನೆ ಮಾಡುವ ಕ್ರಮವನ್ನು ಬೆಳೆಸಿದರು. ಎರಡು ಧಾರೆಗಳ ಹುಟ್ಟು ಬೇರೆಬೇರೆಯಾದರೂ ಹಳ್ಳಿಯ ಕೆಲಸದಲ್ಲಿ ಅವೆರಡನ್ನೂ ಸೇರಿಸಿಯೇ ಬಳಸಬೇಕಾಗುತ್ತದೆ. ಸುತ್ತಮುತ್ತಲಿನ ಆಸರೆ ಎಂಬ ಕಾನ್ಸಾಸಿನವರ ಮಾತನ್ನು ಇಲ್ಲಿ ಒತ್ತಿ ಹೇಳುತ್ತಿದ್ದೇನೆ. ಸಾಮರ್ಥ್ಯವೆಂದರೆ ವ್ಯಕ್ತಿಯ ಎದೆಯೊಳಗಿನ ಧೈರ್ಯ ಮಾತ್ರವೆಂದು ತಿಳಿದವರು ಇದನ್ನು ಅರ್ಧ ಮಾತ್ರ ಕಲಿತವರು.

ಪುಸ್ತಕ ಮುಚ್ಚಿದ ಮೇಲೆ

ಬೀಡಿ ಕಟ್ಟುವ ತಾಯಿಯೊಬ್ಬರು. ಮಗಳಿಗೆ ಇಪ್ಪತ್ತರ ಆಸುಪಾಸು. ಹುಟ್ಟಿದಂದಿನಿಂದ ಹಾಸಿಗೆಯಲ್ಲೇ ಇದ್ದಾಳೆ. ಆಗಾಗ ಅಪಸ್ಮಾರ ಬರುತ್ತದೆ, ನುಂಗುವುದು ಕಷ್ಟ. ತಾಯಿಗೆ ನಿದ್ದೆ ಬರುವುದಿಲ್ಲ, ಎದೆ ಬಡಿದುಕೊಳ್ಳುತ್ತದೆ ಎಂದು ಆಶಾ ಕಾರ್ಯಕರ್ತೆ ಅವರನ್ನು ನನ್ನ ಬಳಿಗೆ ಕರೆತಂದಿದ್ದರು. ಕಡತ ಮೇಜಿನ ಮೇಲೆ ಬಂತು, ಪಟ್ಟಿಯ ಮಾತುಗಳು ಬಂದವು. ನಾನು ಎಲ್ಲವನ್ನೂ ಕೇಳಿ ಬರೆದುಕೊಂಡೆ. ಈ ಭಾಗವನ್ನು ಅವಸರದಲ್ಲಿ ದಾಟಬಾರದು. ತಮ್ಮ ಕಷ್ಟವನ್ನು ಎದುರಿನವರು ನಂಬಿದ್ದಾರೆಂಬ ಭರವಸೆ ಬರದೆ ಯಾರೂ ಬೇರೆ ಮಾತಿಗೆ ಬರಲಾರರು. ಮಾತು ಒಂದು ಹದಕ್ಕೆ ಬಂದಾಗ, ‘ಅಕ್ಕ, ಇಷ್ಟು ವರ್ಷ ಇದನ್ನೆಲ್ಲ ಹೇಗೆ ನಿಭಾಯಿಸಿಕೊಂಡು ಬಂದಿರಿ?’ ಎಂದು ಕೇಳಿದೆ.

ಅವರು ಉತ್ತರ ಕೊಡಲಿಲ್ಲ. ನನ್ನ ಕೈಯ ಪೆನ್ನನ್ನೂ ಪುಸ್ತಕವನ್ನೂ ನೋಡಿದರು. ಆಮೇಲೆ, ‘ಅದನ್ನೂ ಬರೆಯುತ್ತೀರಾ ಟೀಚರ್?’ ಎಂದರು. ಯಾಕೆಂದು ಕೇಳಿದಾಗ ಸ್ವರ ತಗ್ಗಿಸಿ ಹೇಳಿದರು: ‘ನಾನು ನೋಡಿಕೊಳ್ಳುತ್ತೇನೆ ಅಂತ ನೀವು ಬರೆದರೆ, ಹಾಗಾದರೆ ಇವರಿಗೆ ಇನ್ನೆಂತ ಬೇಕು ಅಂತ ಅವರು ಹೇಳಲಿಕ್ಕಿಲ್ಲವಾ?’

ಈ ಪದ್ಧತಿಯ ಬಗ್ಗೆ ಯಾವ ತರಬೇತಿಯಲ್ಲೂ ನನಗೆ ಸಿಗದಿದ್ದ ಅತ್ಯಂತ ಮುಖ್ಯವಾದ ಪಾಠ ಆ ಒಂದು ಪ್ರಶ್ನೆಯಲ್ಲಿತ್ತು. ನನ್ನ ದೃಷ್ಟಿಯಲ್ಲಿ ಗೌರವದ ಮಾತಾದದ್ದು ಅವರ ದೃಷ್ಟಿಯಲ್ಲಿ ಪೆನ್ಶನ್ನಿಗೆ ಸಂಚಕಾರ ತರಬಹುದಾದ ಮಾತು. ಅವರ ಭಯ ಕಲ್ಪನೆಯದ್ದೂ ಅಲ್ಲ. ಮನೆಗೆ ಸಿಮೆಂಟು ಸಾರಣೆ ಆಗಿದೆ, ಕೈಯಲ್ಲಿ ಮೊಬೈಲಿದೆ ಎಂಬ ಕಾರಣಕ್ಕೆ ಒಬ್ಬರ ಬಡತನವನ್ನು ಸಂಶಯದಿಂದ ನೋಡುವ ಮಾತುಗಳನ್ನು ನಾವೆಲ್ಲ ಕೇಳಿಯೇ ಬೆಳೆದವರು. ನಾನು ಪುಸ್ತಕವನ್ನು ಮುಚ್ಚಿ ಕಡತದ ಕೆಳಗಿಟ್ಟೆ. ಇಲ್ಲಿ ಆಡುವ ಮಾತು ಪೆನ್ಶನ್ನಿನ ಕಾಗದಕ್ಕೆ ಹೋಗುವುದಿಲ್ಲ, ನೀವು ಒಪ್ಪದೆ ಯಾರ ಕೈಗೂ ಸಿಗುವುದಿಲ್ಲ, ನೀವು ಬೇಡವೆಂದರೆ ಇದನ್ನು ಬರೆಯುವುದೇ ಇಲ್ಲ ಎಂದು ವಿವರಿಸಿದೆ. ಅವರ ಮಗಳಿಗೆ ಸಿಗಬೇಕಾದದ್ದು ಅವರು ಗಟ್ಟಿಯಾಗಿರಲಿ ಇಲ್ಲದಿರಲಿ ಸಿಗಲೇಬೇಕಾದದ್ದು ಎಂಬುದನ್ನೂ ಬೇರೆಯಾಗಿ ಹೇಳಿದೆ.

ಆಮೇಲೆ ಬಂದ ಮಾತು ಕಡತದ ಯಾವ ಹಾಳೆಯಲ್ಲೂ ಇರಲಿಲ್ಲ. ಗಂಜಿಯನ್ನು ಎಷ್ಟು ನುಣ್ಣಗೆ ಮಾಡಬೇಕೆಂಬುದನ್ನು ಅವರು ಕೈಬೆರಳ ನಡುವೆ ಉಜ್ಜಿ ನೋಡಿ ತಿಳಿಯುತ್ತಾರೆ. ಮಲಗಿಸಿ ಉಣಿಸಿದರೆ ಕೆಮ್ಮು ಬರುತ್ತದೆಂದು ಗೊತ್ತಾದ ಮೇಲೆ ಮಗಳನ್ನು ತನ್ನ ಎದೆಗೊರಗಿಸಿ ಕೂರಿಸಿ, ಗಲ್ಲ ಸ್ವಲ್ಪ ಕೆಳಗೆ ಬರುವಂತೆ ಎಡಗೈಯಲ್ಲಿ ಆನಿಸಿ, ಒಂದು ಚಮಚ ಕೊಟ್ಟು ಗಂಟಲು ಆಡುವುದನ್ನು ಬೆರಳಲ್ಲಿ ಮುಟ್ಟಿ ನೋಡಿದ ಮೇಲೆಯೇ ಇನ್ನೊಂದು ಚಮಚ ಕೊಡುತ್ತಾರೆ. ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರೆ, ‘ಅವಳೇ’ ಎಂದರು. ಅಪಸ್ಮಾರ ಬರುವ ಮುನ್ನ ಮಗಳ ಹೆಬ್ಬೆರಳು ಮುಷ್ಟಿಯ ಒಳಗೆ ಮಡಚಿಕೊಳ್ಳುತ್ತದೆ. ಅದನ್ನು ಕಂಡ ಕೂಡಲೇ ಬೀಡಿಯ ಮೊರವನ್ನು ಬದಿಗಿಟ್ಟು ಹೋಗಿ ಮಗ್ಗುಲಾಗಿ ಮಲಗಿಸುತ್ತಾರೆ. ಅಪಸ್ಮಾರ ಬಂದ ದಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಹಾಕುತ್ತಾರೆ, ಎರಡು ಸಲ ಬಂದರೆ ಎರಡು ಗೆರೆ. ಆ ಕ್ಯಾಲೆಂಡರನ್ನು ಸುರುಳಿ ಸುತ್ತಿ ಆಸ್ಪತ್ರೆಗೆ ಕೊಂಡುಹೋಗಿದ್ದರು. ಅದನ್ನು ನೋಡಿಯೇ ವೈದ್ಯರು ಮಾತ್ರೆಯ ಪ್ರಮಾಣವನ್ನು ಬದಲಿಸಿದ್ದರು. ಇಷ್ಟನ್ನು ಹೇಳುವ ಹೊತ್ತಿಗೆ ಅವರು ಬೆನ್ನು ನೇರ ಮಾಡಿ ಕುಳಿತಿದ್ದರು. ಕಡತವನ್ನು ಒಮ್ಮೆಯೂ ನೋಡಲಿಲ್ಲ.

ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಈಗ ಎಲ್ಲಿದ್ದೀರಿ ಎಂದು ಕೇಳಿದಾಗ ಮೂರು ಎಂದರು. ಮೂರು ಯಾಕೆ ಹತ್ತಾಗಿಲ್ಲ ಎಂದು ಈ ಪದ್ಧತಿ ಕೇಳುವುದಿಲ್ಲ, ಎರಡಕ್ಕೆ ಯಾಕೆ ಇಳಿದಿಲ್ಲ ಎಂದು ಕೇಳುತ್ತದೆ. ‘ಎರಡಾದರೆ ನಾನು ಇವತ್ತು ಇಲ್ಲಿಗೆ ಬರುತ್ತಿರಲಿಲ್ಲ ಟೀಚರ್. ಆಚೆಮನೆಯವಳನ್ನು ಕೂರಿಸಿ ಬಂದಿದ್ದೇನೆ.’ ಆಚೆಮನೆಯವಳು ಎಂಬ ಆಸರೆ ನಮ್ಮ ಮಾತಿನೊಳಗೆ ಬಂದದ್ದು ಹಾಗೆ. ನಾಲ್ಕು ಎಂದರೆ ಹೇಗಿರುತ್ತದೆ ಎಂದು ಕೇಳಿದಾಗ ತುಂಬ ಹೊತ್ತು ಯೋಚಿಸಿ, ತವರಿನ ತಂಬಿಲಕ್ಕೆ (ಮನೆತನದ ದೈವಗಳ ಪೂಜೆಗೆ) ಹೋಗಿ, ಎಲ್ಲರ ಜೊತೆ ಕೂತು ಊಟ ಮಾಡಿ, ಬಸ್ಸಿನ ಗಡಿಬಿಡಿಯಿಲ್ಲದೆ ಸಂಜೆಗೆ ಮನೆಗೆ ಬರುವುದು ಎಂದರು. ಮಗಳು ಗುಣವಾಗಬೇಕು ಎಂದು ಅವರು ಹೇಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ವರ್ಷದಲ್ಲಿ ಒಂದು ಹಗಲು. ಅದರ ಕಡೆಗೆ ಹೋಗಲು ನಮಗೆ ದಾರಿಯಿತ್ತು.

ಹೊಗಳಿಕೆಯೂ ವಿಚಾರಣೆಯೂ

ಇಲ್ಲಿ ಒಂದು ಭೇದವನ್ನು ಬಿಡಿಸಿ ಹೇಳಬೇಕೆನ್ನಿಸುತ್ತದೆ, ಏಕೆಂದರೆ ಈ ಪದ್ಧತಿಯ ಹೆಸರಿನಲ್ಲಿ ಹೆಚ್ಚಾಗಿ ನಡೆಯುವುದು ಹೊಗಳಿಕೆ. ‘ನೀವು ಎಷ್ಟು ಗಟ್ಟಿಗಿತ್ತಿ’, ‘ನಿಮ್ಮಂಥ ತಾಯಿ ಸಿಗಲು ಆ ಮಗು ಪುಣ್ಯ ಮಾಡಿರಬೇಕು’ ಎಂಬ ಮಾತುಗಳು ಆ ತಾಯಿಗೆ ಹೊಸತಲ್ಲ. ನೆಂಟರು, ನೆರೆಯವರು, ವೇದಿಕೆಯ ಮೇಲಿನವರು, ಫೋಟೋ ತೆಗೆಯಲು ಬಂದವರು ಎಲ್ಲರೂ ಅದನ್ನು ಹೇಳಿ ಹೋಗಿದ್ದಾರೆ. ಹೇಳಿದ ಮೇಲೆ ಯಾರೂ ಒಂದು ರಾತ್ರಿ ಮಗಳ ಬಳಿ ಕೂರಲಿಲ್ಲ. ಗಟ್ಟಿಗಿತ್ತಿ ಎಂದು ಕರೆದವಳ ಬಳಿಗೆ ಸಹಾಯ ಕೊಂಡೊಯ್ಯುವ ತುರ್ತು ಯಾರಿಗೂ ಇರುವುದಿಲ್ಲ. ಸಮಾಜಕಾರ್ಯದ ವಿದ್ವಾಂಸರಲ್ಲೇ ಕೆಲವರು ಈ ಟೀಕೆಯನ್ನು ಎತ್ತಿದ್ದಾರೆ: ವ್ಯಕ್ತಿಯ ಸಾಮರ್ಥ್ಯದ ಮಾತು ಹೆಚ್ಚಿದಷ್ಟು ಸರಕಾರದ ಹೊಣೆಯ ಮಾತು ಕಡಿಮೆಯಾಗುತ್ತದೆ ಎಂದು. ಕಾಸರಗೋಡಿನಲ್ಲಿ ಕೆಲಸ ಮಾಡುವವರು ಈ ಟೀಕೆಯನ್ನು ಪಕ್ಕಕ್ಕೆ ಸರಿಸಲಾಗದು. ವಿಷ ಸುರಿದವರ ಹೊಣೆಗಾರಿಕೆಯ ಬಗ್ಗೆ ಮಾತಾಡದೆ ವಿಷ ಕುಡಿದವರ ಸಹನೆಯನ್ನು ಮಾತ್ರ ಕೊಂಡಾಡುವುದು ಅನ್ಯಾಯ.

ಪರಿಹಾರ-ಕೇಂದ್ರಿತ ಸಮಾಲೋಚನೆ ಸರಿಯಾಗಿ ನಡೆದಾಗ ಅಲ್ಲಿ ಹೊಗಳಿಕೆಗಿಂತ ವಿಚಾರಣೆ ಹೆಚ್ಚು. ಒಳ್ಳೆಯ ವೈದ್ಯರು ಹೊಟ್ಟೆನೋವಿನ ಬಗ್ಗೆ ಎಷ್ಟು ಬಿಡದೆ ಕೇಳುತ್ತಾರೋ, ಎಲ್ಲಿ, ಯಾವಾಗ, ಉಂಡ ಮೇಲೋ ಮೊದಲೋ ಎಂದು, ಅಷ್ಟೇ ಬಿಡದೆ ನಾವು ನೋವಿಲ್ಲದ ಹೊತ್ತಿನ ಬಗ್ಗೆ ಕೇಳಬೇಕು. ಅಂದು ಏನು ಬೇರೆಯಾಗಿತ್ತು, ನೀವು ಮೊದಲು ಮಾಡಿದ್ದೇನು, ಅದನ್ನು ಗಮನಿಸಿದವರು ಯಾರು, ಹಾಗೆ ಮಾಡಬೇಕೆಂದು ನಿಮಗೆ ಹೇಗೆ ಹೊಳೆಯಿತು? ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಹೋದಂತೆ, ತಾನು ಮಾಡಿದ್ದರಲ್ಲಿ ಒಂದು ತಿಳುವಳಿಕೆ ಇತ್ತು ಎಂಬುದು ಹೇಳುವವರಿಗೇ ಗೊತ್ತಾಗುತ್ತದೆ. ನಾನು ಒಂದು ವಿಶೇಷಣವನ್ನೂ ಬಳಸಬೇಕಾಗಿ ಬರುವುದಿಲ್ಲ.

ಬಂದ ದಿನಗಳ ಹಾಜರಿ

ಶಾಲೆಗಳಿಂದ ಬರುವ ಟಿಪ್ಪಣಿಗಳೂ ಅರ್ಜಿಗಳ ಹಾಗೆಯೇ ಇರುತ್ತವೆ. ಕನ್ನಡ ಮಾಧ್ಯಮದ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಬಗ್ಗೆ ಬಂದ ಟಿಪ್ಪಣಿಯಲ್ಲಿ ಹೀಗಿತ್ತು: ಕಲಿಕೆಯಲ್ಲಿ ಆಸಕ್ತಿಯಿಲ್ಲ, ಪದೇಪದೇ ಗೈರುಹಾಜರಿ, ಮಲಯಾಳಂ ಬರುವುದಿಲ್ಲ, ಮನೆಯವರ ಗಮನವಿಲ್ಲ. ತಂದೆ ಗಲ್ಫಿನಲ್ಲಿದ್ದರು. ತಾಯಿಯೂ ಅಜ್ಜಿಯೂ ಸೋದರಮಾವನೂ ಇರುವ ಮನೆ. ಯಾಕೆ ಶಾಲೆಗೆ ಹೋಗುವುದಿಲ್ಲ ಎಂದು ಅವನನ್ನು ಕೇಳದವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಆ ಪ್ರಶ್ನೆಗೆ ಅವನ ಬಳಿ ಸಿದ್ಧವಾಗಿದ್ದ ಉತ್ತರ ತಲೆ ತಗ್ಗಿಸುವುದು.

ನಾನು ತರಗತಿಯ ಟೀಚರನ್ನು ಕೇಳಿ ಹಾಜರಿ ಪುಸ್ತಕದ ವಿವರ ತರಿಸಿಕೊಂಡು, ಗೈರಾದ ದಿನಗಳನ್ನು ಬಿಟ್ಟು ಅವನು ಬಂದ ದಿನಗಳನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದು ಅವನ ಎದುರಿಗಿಟ್ಟೆ. ‘ಈ ದಿನ ಬಂದಿದ್ದೀಯಲ್ಲ, ಅಂದು ಬೆಳಗ್ಗೆ ಎಂತಾಯಿತು?’ ಎಂದು ಕೇಳಿದೆ. ಮೊದಲು ನೆನಪಿಲ್ಲ ಎಂದ. ಹಾಳೆಯನ್ನು ನೋಡುತ್ತಲೇ ಇದ್ದ. ಆಮೇಲೆ ತನ್ನಷ್ಟಕ್ಕೇ ಹೇಳಿಕೊಳ್ಳುವವನ ಹಾಗೆ, ‘ಇದು ಮಾವ ಮಂಗಳೂರಿಗೆ ಪೈಂಟಿನ ಕೆಲಸಕ್ಕೆ ಹೋದದ್ದು’ ಎಂದ. ಅದರ ಕೆಳಗಿನ ದಿನವೂ ಹಾಗೆಯೇ, ಅದರ ಕೆಳಗಿನದೂ. ಮಾವ ಇಲ್ಲದ ದಿನಗಳಲ್ಲಿ ಹಾಲಿನ ಸೊಸೈಟಿಗೆ ಹಾಲು ಕೊಂಡೊಯ್ಯುವುದು ಇವನ ಕೆಲಸ. ‘ಹಾಲು ಕೊಂಡುಹೋದ ದಿನ ಹೇಗೂ ಎದ್ದಾಗಿರುತ್ತದೆ ಟೀಚರ್, ಮತ್ತೆ ಮಲಗಲಿಕ್ಕೆ ಮನಸ್ಸಾಗುವುದಿಲ್ಲ.’

ಸೊಸೈಟಿಯಲ್ಲಿ ಎಂತ ಮಾಡುತ್ತಿ ಎಂದು ಕೇಳಿದಾಗ ಇನ್ನೂ ಕೆಲವು ಸಂಗತಿಗಳು ಹೊರಬಂದವು. ಅಲ್ಲಿ ಹಾಲು ಅಳೆದು ಚೀಟಿ ಕೊಡುವವರು ಮಲಯಾಳಂ ಮಾತಾಡುವವರು. ಗುಡ್ಡದ ಮೇಲಿನ ಮನೆಗಳಿಂದ ಹಾಲು ತರುವ ಅಜ್ಜಿಯಂದಿರಿಗೆ ತುಳು ಬಿಟ್ಟರೆ ಬೇರೆ ಬಾರದು. ಕೊಬ್ಬಿನಂಶ ಇಂದು ಎಷ್ಟು ಬಂತು, ದರ ಯಾಕೆ ಕಡಿಮೆಯಾಯಿತು, ಹಿಂಡಿಯ ಬಾಕಿ ಎಷ್ಟಿದೆ ಎಂದು ಅವರಿಗೆ ಇವನು ತಿಳಿಸಿ ಹೇಳುತ್ತಾನೆ. ಅವರ ತಕರಾರನ್ನು ಆಚೆಯವರಿಗೆ ಮುಟ್ಟಿಸುತ್ತಾನೆ. ಮಲಯಾಳಂ ಬರುವುದಿಲ್ಲ ಎಂದು ಟಿಪ್ಪಣಿಯಲ್ಲಿ ಬರೆಸಿಕೊಂಡ ಹುಡುಗ ಬೆಳಗಿನ ಆರು ಗಂಟೆಗೆ ಮಲಯಾಳಂನಲ್ಲಿ ಅಜ್ಜಿಯಂದಿರ ಪರವಾಗಿ ವಾದಿಸುತ್ತಿದ್ದ. ಗಡಿನಾಡಿನ ಮಕ್ಕಳ ಬಗ್ಗೆ ಈ ಒಂದು ಮಾತನ್ನು ನಾನು ಎಲ್ಲಿ ಅವಕಾಶ ಸಿಕ್ಕಿದರೂ ಹೇಳುತ್ತೇನೆ: ಮನೆಯಲ್ಲಿ ತುಳು ಅಥವಾ ಹವಿಗನ್ನಡ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿಯೂ ಕಚೇರಿಯಲ್ಲಿಯೂ ಮಲಯಾಳಂ ಬಳಸಿ ದೊಡ್ಡವರ ಕೆಲಸ ನಡೆಸಿಕೊಡುವ ಮಗುವನ್ನು ಭಾಷೆ ಬಾರದ ಮಗುವೆಂದು ಗುರುತಿಸುವ ಟಿಪ್ಪಣಿ ಮಗುವನ್ನು ನೋಡಿ ಬರೆದದ್ದಲ್ಲ.

ಸಮಸ್ಯೆ ಇರಬೇಕಾಗಿದ್ದೂ ಇಲ್ಲದ ಹೊತ್ತನ್ನು ಹುಡುಕುವುದು ಈ ಪದ್ಧತಿಯ ಬೆನ್ನೆಲುಬು. ಪರಿಹಾರಕ್ಕೂ ಸಮಸ್ಯೆಗೂ ನೇರ ಸಂಬಂಧ ಇರಲೇಬೇಕೆಂದಿಲ್ಲ ಎಂದು ಡಿ ಶೇಜರ್ ಬರೆದಾಗ ಬಹಳ ಮಂದಿಗೆ ಅದು ಉತ್ಪ್ರೇಕ್ಷೆಯೆಂದು ತೋರಿತ್ತು. ಹುಡುಗನ ಗೈರುಹಾಜರಿಯ ಮೂಲವನ್ನು ತಂದೆಯ ಅಗಲಿಕೆಯಲ್ಲೋ ಕಲಿಕೆಯ ತೊಡಕಿನಲ್ಲೋ ಹುಡುಕುತ್ತ ಹೋಗಿದ್ದರೆ ಹಾಲಿನ ಕ್ಯಾನು ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ನಮ್ಮ ಕಡೆ ಇದಕ್ಕೆ ಇನ್ನೊಂದು ಉದಾಹರಣೆ ಎಲ್ಲರಿಗೂ ಗೊತ್ತಿರುವಂಥದ್ದು: ಎಷ್ಟೇ ಕುಡಿಯುವವನಾದರೂ ಅಡಿಕೆಗೆ ಮದ್ದು ಬಿಡಲು ಮರ ಹತ್ತುವ ದಿನ ಮುಟ್ಟದವರು ಇದ್ದಾರೆ. ಆ ಬೆಳಗ್ಗೆ ಕೈ ನಡುಗದಂತೆ ಏನು ಮಾಡಿದೆ, ಹಿಂದಿನ ರಾತ್ರಿ ಹೇಗೆ ಕಳೆದೆ ಎಂದು ಅವನನ್ನು ಕೇಳಿದವರು ಕಡಿಮೆ. (ದಿನವೂ ವಿಪರೀತ ಕುಡಿಯುವವರು ಒಮ್ಮೆಗೇ ನಿಲ್ಲಿಸುವುದು ಅಪಾಯಕಾರಿಯಾಗಬಹುದು, ವೈದ್ಯರ ಮೇಲ್ವಿಚಾರಣೆ ಬೇಕು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.)

ಹುಡುಗನ ವಿಷಯದಲ್ಲಿ ಮಾಡಿದ್ದು ಸಣ್ಣದು. ಮಾವನೂ ತಾಯಿಯೂ ಅವನೂ ಕುಳಿತು ಮಾತಾಡಿದೆವು. ಹಾಲು ಕೊಂಡೊಯ್ಯುವ ಕೆಲಸವನ್ನು ವಾರದಲ್ಲಿ ಕೆಲವು ದಿನ ತನಗೇ ಬಿಡಬೇಕೆಂದು ಅವನೇ ಕೇಳಿದ. ಉಳಿದ ದಿನ ಅದೇ ಹೊತ್ತಿಗೆ ಎಬ್ಬಿಸುವುದು ಅಜ್ಜಿಯ ಕೆಲಸವಾಯಿತು. ಮಗುವಿನ ಹೆಗಲಿಗೆ ಮನೆಯ ದುಡಿಮೆಯನ್ನು ಹೊರಿಸಿ ಅದನ್ನು ಪರಿಹಾರವೆನ್ನಬಾರದು ಎಂಬ ಎಚ್ಚರ ನನಗಿತ್ತು, ಅದಕ್ಕಾಗಿಯೇ ಎಷ್ಟು ದಿನ ಎಂಬುದನ್ನು ಅವನ ಬಾಯಿಂದಲೇ ಕೇಳಿ ಗೊತ್ತುಮಾಡಿಕೊಂಡೆವು. ಅವನು ಪರೀಕ್ಷೆಯಲ್ಲಿ ಮುಂದೆ ಬಂದನೆಂದು ಹೇಳಲಾರೆ. ಶಾಲೆಗೆ ಬರುವುದು ಹೆಚ್ಚಾಯಿತು. ಸೋಮವಾರಗಳು ಈಗಲೂ ಕಷ್ಟವೇ.

ದೈವ ನಡೆಸಿಕೊಟ್ಟರೆ

ಈ ಪದ್ಧತಿಯ ಹೆಸರಾಂತ ಪ್ರಶ್ನೆಯೊಂದಿದೆ. ಈ ರಾತ್ರಿ ನೀವು ಮಲಗಿದ್ದಾಗ ಒಂದು ಪವಾಡ ನಡೆದು ನಿಮ್ಮ ಸಮಸ್ಯೆ ಬಗೆಹರಿಯಿತು, ಆದರೆ ನಿದ್ದೆಯಲ್ಲಿದ್ದ ನಿಮಗೆ ಅದು ಗೊತ್ತಿಲ್ಲ. ಬೆಳಗ್ಗೆ ಎದ್ದಾಗ ಏನನ್ನು ಕಂಡು ನಿಮಗೆ ತಿಳಿಯುತ್ತದೆ ಎಂದು. ಬರ್ಗ್ ಅವರ ಬಳಿ ಬಂದ ಹೆಂಗಸೊಬ್ಬರು ಇನ್ನು ಪವಾಡವೇ ಆಗಬೇಕು ಎಂದು ನಿಟ್ಟುಸಿರಿಟ್ಟಾಗ, ಹಾಗಾದರೆ ಆಯಿತೆಂದೇ ಇಟ್ಟುಕೊಳ್ಳೋಣ ಎಂದು ಅವರು ಕೇಳಿದ್ದರಿಂದ ಈ ಪ್ರಶ್ನೆ ಹುಟ್ಟಿತಂತೆ.

ಕುಡಿಯುವ ಮಗನ ಚಿಂತೆಯಲ್ಲಿದ್ದ ವಯಸ್ಸಾದ ಅಮ್ಮನೊಬ್ಬರಿಗೆ ಇದನ್ನು ಕೇಳಿದಾಗ, ‘ಅದೆಲ್ಲ ದೈವದ ಕೈಯಲ್ಲಿರುವುದು, ನಾವು ಹೇಳಲಿಕ್ಕಾಗುತ್ತದಾ?’ ಎಂದರು. ಮನೆಯ ದೈವಕ್ಕೆ ಹರಕೆ ಹೇಳಿಯಾಗಿತ್ತು. ಆ ನಂಬಿಕೆಯನ್ನು ಬದಿಗಿಟ್ಟು ಬನ್ನಿ ಎನ್ನಲು ನನಗೆ ಯಾವ ಅಧಿಕಾರವೂ ಇಲ್ಲ. ಅದು ಅವರನ್ನು ಇಷ್ಟು ದಿನ ಹಿಡಿದು ನಿಲ್ಲಿಸಿದ ಆಸರೆ ಕೂಡ. ‘ದೈವವೇ ನಡೆಸಿಕೊಟ್ಟಿತು ಅಂತ ಇಟ್ಟುಕೊಳ್ಳುವ ಅಮ್ಮ. ನಾಳೆ ಬೆಳಗ್ಗೆ ನಿಮಗೆ ಅದು ಮೊದಲು ಹೇಗೆ ಗೊತ್ತಾಗುತ್ತದೆ?’ ಎಂದೆ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕುಳಿತರು. ‘ಹಟ್ಟಿಯಲ್ಲಿ ಬಾಲ್ದಿಯ ಶಬ್ದ ಕೇಳುತ್ತದೆ. ನಾನು ಏಳುವ ಮೊದಲೇ ಅವನು ಎದ್ದು ದನಕ್ಕೆ ನೀರು ಕೊಡುವುದು.’ ಆ ಶಬ್ದವನ್ನು ಕೊನೆಯ ಸಲ ಕೇಳಿದ್ದು ಯಾವಾಗ ಎಂದು ಕೇಳಿದೆ. ವರ್ಷಗಳ ಹಿಂದಿನ ಮಾತು ಬರುತ್ತದೆಂದು ನಾನು ಎಣಿಸಿದ್ದೆ. ‘ಮೊನ್ನೆ ಶನಿವಾರ’ ಎಂದರು. ಹೇಳಿದ ಮೇಲೆ ಅವರಿಗೇ ಆಶ್ಚರ್ಯವಾಯಿತು. ಅಲ್ಲಿಂದ ಮುಂದಿನ ನಮ್ಮ ಮಾತುಕತೆ ಪೂರ್ತಿ ಆ ಶನಿವಾರದ ಬಗ್ಗೆ ನಡೆಯಿತು.

ಕೇಳಬಾರದ ಕಡೆ

ಎಲ್ಲ ಕಡೆಯೂ ಈ ಪ್ರಶ್ನೆಗಳು ಸಲ್ಲುವುದಿಲ್ಲ. ಹೊಡೆಯುವ ಗಂಡನೊಂದಿಗೆ ಬದುಕುತ್ತಿರುವ ಹೆಂಗಸನ್ನು, ಅವನು ಹೊಡೆಯದ ದಿನ ನೀವು ಏನು ಬೇರೆ ಮಾಡಿದ್ದಿರಿ ಎಂದು ಕೇಳುವುದು ಕ್ರೌರ್ಯ. ಪೆಟ್ಟಿನ ಹೊಣೆಯನ್ನು ಪೆಟ್ಟು ತಿಂದವಳಿಗೆ ವರ್ಗಾಯಿಸಿದಂತೆ. ಅಲ್ಲಿ ಮೊದಲು ಆಗಬೇಕಾದದ್ದು ಸುರಕ್ಷೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಡಿ ಅವರಿಗಿರುವ ರಕ್ಷಣೆಯನ್ನು ತಿಳಿಸುವುದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ 2012ರ ಪೋಕ್ಸೋ ಕಾಯಿದೆಯ ಪ್ರಕಾರ ವರದಿ ಮಾಡಲೇಬೇಕು. ಸಾಯುವ ಯೋಚನೆ ಹೇಳಿಕೊಂಡವರ ಬಳಿ, ಇಷ್ಟಾದರೂ ಇವತ್ತಿನವರೆಗೆ ನಿಮ್ಮನ್ನು ಹಿಡಿದು ನಿಲ್ಲಿಸಿದ್ದು ಯಾವುದು ಎಂಬ ಪ್ರಶ್ನೆಗೆ ಬೆಲೆಯಿದೆ, ಆದರೆ ಅದನ್ನು ಕೇಳಬೇಕಾದದ್ದು ಅಪಾಯ ಎಷ್ಟಿದೆ ಎಂಬುದನ್ನು ನೇರವಾಗಿ ಕೇಳಿ ತಿಳಿದ ಮೇಲೆ, ಮನೆಯವರನ್ನೂ ವೈದ್ಯರನ್ನೂ ಜೊತೆ ಮಾಡಿಕೊಂಡು. ಮಲಯಾಳಂನಲ್ಲಿ ಮನಸ್ಸು ಬಿಚ್ಚಲಾರದ ನಮ್ಮ ಕಡೆಯವರಿಗೆ, ಟೆಲಿ ಮಾನಸ್ ಸಹಾಯವಾಣಿಯಲ್ಲಿ (14416) ಕನ್ನಡದಲ್ಲಿಯೂ ಮಾತಾಡುವ ವ್ಯವಸ್ಥೆಯಿದೆ ಎಂದು ತಿಳಿಸುವುದನ್ನೂ ನಾನು ಬಿಡುವುದಿಲ್ಲ.

ಎರಡು ಹಾಳೆ, ಒಂದು ಅರ್ಜಿ

ಆ ತಾಯಿಯ ಕಥೆಗೆ ಒಂದು ಮುಂದುವರಿಕೆಯಿದೆ. ಆಚೆಮನೆಯವಳು ಇದ್ದಾಳಲ್ಲ, ಅವಳಿಗೆ ಉಣಿಸುವ ಕ್ರಮ ಗೊತ್ತಿಲ್ಲದ ಕಾರಣ ಒಂದು ಗಂಟೆಗಿಂತ ಹೆಚ್ಚು ಹೊತ್ತು ಮಗಳನ್ನು ಬಿಟ್ಟುಬರಲು ತಾಯಿಗೆ ಧೈರ್ಯವಿರಲಿಲ್ಲ. ಹಾಗಾದರೆ ನೀವು ಕಲಿತದ್ದನ್ನು ಅವರಿಗೆ ಕಲಿಸಲು ಏನು ಬೇಕು ಎಂಬಲ್ಲಿಂದ ಮುಂದಿನ ಭೇಟಿ ಆರಂಭವಾಯಿತು. ಕಲಿಸಿದರು. ಅದೇ ವಾರ್ಡಿನಲ್ಲಿ ಇಂಥ ಮಕ್ಕಳಿರುವ ಇನ್ನೂ ಒಂದೆರಡು ಮನೆಯ ತಾಯಂದಿರು ಬಂದು ನೋಡಿದರು. ಅವರಲ್ಲೊಬ್ಬರು, ಮಲಗಿಯೇ ಇರುವವರ ಬೆನ್ನು ಹುಣ್ಣಾಗದಂತೆ ತಾನು ಮಗ್ಗುಲು ಬದಲಿಸುವ ರೀತಿಯನ್ನು ಇವರಿಗೆ ತೋರಿಸಿದರು. ತಂಬಿಲದ ದಿನ ತಾಯಿ ತವರಿಗೆ ಹೋಗಿ ಬಂದರು.

ಆಮೇಲೆ ಈ ತಾಯಂದಿರೇ ಸೇರಿ ಪಂಚಾಯತಿಗೆ ಒಂದು ಅರ್ಜಿ ಬರೆಯಲು ಹೊರಟಾಗ, ಮತ್ತೆ ಹಳೆಯ ಕ್ರಮದಲ್ಲೇ ಕರಡು ತಯಾರಾಯಿತು: ಇದಿಲ್ಲ, ಅದಿಲ್ಲ, ದಯವಿಟ್ಟು ಕೃಪೆ ತೋರಬೇಕು. ಬೀಡಿ ಕಟ್ಟುವ ತಾಯಿಯೇ ಬೇರೆ ರೀತಿಯಲ್ಲಿ ಬರೆಯುವ ಎಂದರು. ಹೊಸ ಅರ್ಜಿಯ ಮೊದಲ ಹಾಳೆಯಲ್ಲಿ ಬೆಳಗ್ಗೆ ಎದ್ದಾಗಿನಿಂದ ರಾತ್ರಿಯವರೆಗೆ ಅವರು ಮಾಡುವ ಕೆಲಸಗಳನ್ನು ಗಂಟೆ ಸಹಿತ ಬರೆದರು: ಉಣಿಸುವುದಕ್ಕೆ ಎಷ್ಟು ಹೊತ್ತು, ಮಗ್ಗುಲು ಬದಲಿಸುವುದಕ್ಕೆ ಎಷ್ಟು ಸಲ ಏಳುವುದು, ಮೀಯಿಸಲು ಎಷ್ಟು ಜನ ಬೇಕು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಕೇರಳ ಸರಕಾರದ ಆಶ್ವಾಸಕಿರಣಂ ಯೋಜನೆಯಲ್ಲಿ ಆಗ ನಿಗದಿಯಾಗಿದ್ದದ್ದು ತಿಂಗಳಿಗೆ 600 ರೂಪಾಯಿ ಎಂಬುದನ್ನೂ ಅದರ ಕೆಳಗೇ ಸೇರಿಸಿದರು. ಎರಡನೆಯ ಹಾಳೆಯಲ್ಲಿ, ಈ ಕೆಲಸ ಮುಂದುವರಿಸಲು ತಮಗೆ ಬೇಕಾದದ್ದು: ಕೂರಿಸಬಹುದಾದ ಸ್ಥಿತಿಯಲ್ಲಿರುವ ಮಕ್ಕಳನ್ನು ಬಡ್ಸ್ ಎಂಬ ವಿಶೇಷ ಮಕ್ಕಳ ಶಾಲೆಗೆ ಕರೆದೊಯ್ಯಲು ಗುಡ್ಡದ ಬುಡದವರೆಗೆ ವಾಹನ, ತಿಂಗಳಿಗೊಂದು ದಿನ ತರಬೇತಿ ಪಡೆದವರು ಮನೆಗೆ ಬಂದು ಕೂರುವ ಏರ್ಪಾಡು, ಮತ್ತು ಆ ತರಬೇತಿಯನ್ನು ಕೊಡಲು ತಾವು ಸಿದ್ಧರಿದ್ದೇವೆ ಎಂಬ ಒಂದು ಸಾಲು. ಕ್ಯಾಲೆಂಡರಿನ ಪುಟಗಳ ಜೆರಾಕ್ಸ್ ಪ್ರತಿಯನ್ನು ಲಗತ್ತಿಸಿದರು. ಯಾವುದನ್ನು ಬರೆಯಬೇಡಿ ಎಂದು ಅವರು ಮೊದಲ ದಿನ ನನಗೆ ಹೇಳಿದ್ದರೋ ಅದೇ ಈಗ ಅವರ ಬೇಡಿಕೆಯ ಆಧಾರವಾಗಿತ್ತು, ಮತ್ತು ಅದನ್ನು ಬರೆಯುವ ತೀರ್ಮಾನ ಅವರದ್ದಾಗಿತ್ತು.

ವಾಹನದ ವಿಷಯ ಮುಂದಿನ ಸಭೆಯಲ್ಲಿ ಬರಲಿದೆ ಎಂದು ವಾರ್ಡ್ ಸದಸ್ಯೆ ತಿಳಿಸಿದ್ದಾರೆ. ಮನೆಗೆ ಬಂದು ಕೂರುವವರ ಏರ್ಪಾಡಿಗೆ ಹಣ ಯಾವ ಬಾಬ್ತಿನಿಂದ ಎಂಬ ಪ್ರಶ್ನೆ ಹಾಗೆಯೇ ಇದೆ. ತಾಯಂದಿರು ಅರ್ಜಿಯ ಸ್ವೀಕೃತಿ ಚೀಟಿಯನ್ನು ಕಡತದಲ್ಲಿ ಸೇರಿಸಿಟ್ಟುಕೊಂಡು, ಸಭೆಯ ದಿನ ಯಾರ ಮಗುವನ್ನು ಯಾರು ನೋಡಿಕೊಳ್ಳಬೇಕೆಂದು ಈಗಾಗಲೇ ಗೊತ್ತುಮಾಡಿದ್ದಾರೆ.